ಮಕ್ಕಳ ಸಂತೆ



ನಮ್ಮ ನಾಡಿನ ಅನೇಕ ಪಾಠಶಾಲೆಗಳಲ್ಲಿ ವರ್ಷಕ್ಕೊಂದು ದಿನ ಪುಸ್ತಕದ ಚೀಲಗಳು ಮನೆಯಲ್ಲಿಯೇ ಉಳಿಯುತ್ತವೆ. ಅವುಗಳ ಬದಲು ಬುಟ್ಟಿ, ಮೊರ, ತಕ್ಕಡಿಗಳು ಬರುತ್ತವೆ. ಅಂಗಳದ ಮರದ ನೆರಳಿನಲ್ಲಿ ಗೋಣಿತಾಟುಗಳನ್ನು ಹಾಸಿ, ದಂಟು, ಮೆಂತ್ಯ, ಸಬ್ಬಸಿಗೆಗಳ ಕಟ್ಟುಗಳನ್ನೂ ಬದನೆ, ಅವರೆ, ನುಗ್ಗೆಗಳನ್ನೂ ಸೀಬೆ, ನಿಂಬೆಗಳನ್ನೂ ಮುಂದೆ ಹರಡಿಕೊಂಡು ಹುಡುಗರೂ ಹುಡುಗಿಯರೂ ಸಾಲಾಗಿ ಕುಳಿತಿರುತ್ತಾರೆ. ಒಂದು ಮೂಲೆಯಲ್ಲಿ ಚುರುಮುರಿ, ಇನ್ನೊಂದು ಮೂಲೆಯಲ್ಲಿ ಪಾನಕ, ಮಜ್ಜಿಗೆ. ಕೊಳ್ಳುವವರು ತಾಯಿತಂದೆಗಳು, ಊರಿನ ಹಿರಿಯರು, ಉಪಾಧ್ಯಾಯರು. ಇದಕ್ಕೆ ಮಕ್ಕಳ ಸಂತೆಯೆಂದು ಹೆಸರು. ಮೆಟ್ರಿಕ್ ಮೇಳವೆಂದು ಕರೆಯುವುದೂ ಉಂಟು.

ಈ ಸಂತೆಯ ವಿಷಯವಾಗಿ ನಾವು ಈ ದಿನ ಕೆಲವು ಮಾತುಗಳನ್ನು ಅರಿಕೆಮಾಡಬೇಕೆಂದಿದ್ದೇವೆ. ಇದು ಒಳ್ಳೆಯ ಪದ್ಧತಿಯೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಗದ್ದಲವೆಲ್ಲ ಅಡಗಿ, ತಾಟುಗಳನ್ನು ಮಡಿಸಿದ ಮೇಲೆ ಮಾಡಬೇಕಾದ ಕೆಲಸವೊಂದಿದೆ. ಅದನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಅದನ್ನು ಬಿಟ್ಟದ್ದರಿಂದ ಹಣ್ಣಿನ ಸಿಪ್ಪೆ ಮಕ್ಕಳ ಕೈಗೆ ಬಂದು ತಿರುಳು ಬುಟ್ಟಿಯಲ್ಲಿಯೇ ಉಳಿದಂತಾಗುತ್ತದೆ.

ಮೊದಲು ಹೆಸರಿನ ಮಾತು. ಮೆಟ್ರಿಕ್ ಮೇಳವೆಂಬ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ತೂಕ ಅಳತೆಗಳ ಹೊಸ ಕಾನೂನು ನಮ್ಮ ದೇಶದಲ್ಲಿ ೧೯೫೬ರಲ್ಲಿ ಆಯಿತು. ದಶಮಾನದ ನಾಣ್ಯ ೧೯೫೭ನೆಯ ಏಪ್ರಿಲ್ ೧ರಿಂದ ನಡೆಗೆ ಬಂದಿತು. ಆಣೆ ಪೈಗಳು ಬೇಗನೆ ಮರೆಯಾದವು; ಆದರೆ ಸೇರು, ಪಾವುಗಳು ನಮ್ಮ ಹಳ್ಳಿಯ ಮನೆಗಳನ್ನು ಇನ್ನೂ ಬಿಟ್ಟುಹೋಗಿಲ್ಲ. ಅಜ್ಜಿ ಪಾವಿನಲ್ಲಿ ಅಕ್ಕಿಯನ್ನು ಅಳೆಯುತ್ತಾಳೆ, ಪುಸ್ತಕ ಕಿಲೋಗ್ರಾಮಿನಲ್ಲಿ ಲೆಕ್ಕ ಕೇಳುತ್ತದೆ. ಈ ಎರಡರ ನಡುವೆ ಸಿಕ್ಕಿದ ಮಗು ತಾನೇ ತಕ್ಕಡಿಯನ್ನು ಹಿಡಿದು ಕಾಲು ಕಿಲೋ ಹುರುಳಿಕಾಯಿಯನ್ನು ತೂಗಿ, ಐವತ್ತು ರೂಪಾಯಿಯ ನೋಟಿಗೆ ಚಿಲ್ಲರೆಯನ್ನು ಎಣಿಸಿ ಕೊಟ್ಟರೆ, ಕಪ್ಪು ಹಲಗೆಯ ಮುಂದೆ ಒಂದು ವಾರ ನಿಂತು ಕಲಿಯಲಾರದ್ದನ್ನು ಒಂದು ಬೆಳಗಿನಲ್ಲಿ ಕಲಿಯುತ್ತದೆ. ಈಚೆಗೆ ಕೊಳ್ಳುವವರು ಮೊಬೈಲನ್ನು ತೋರಿಸಿ ಹಣ ಸಲ್ಲಿಸುವ ರೂಢಿ ಬಂದಿದೆಯಷ್ಟೆ. ಮಕ್ಕಳ ಸಂತೆಯ ಮಟ್ಟಿಗಾದರೂ ಕೈಯಿಂದ ಕೈಗೆ ನಾಣ್ಯ ನಡೆಯಲೆಂದು ಉಪಾಧ್ಯಾಯರು ಒಂದು ಕಟ್ಟಳೆ ಮಾಡಿದರೆ ತಪ್ಪಲ್ಲವೆಂದು ನಮಗೆ ತೋರುತ್ತದೆ.

ಸರಸ್ವತಿಯ ಮಂದಿರದಲ್ಲಿ ತಕ್ಕಡಿಗೇನು ಕೆಲಸ, ಎಳೆಯ ಮಕ್ಕಳಿಗೆ ಲಾಭದ ಆಸೆಯನ್ನು ಹತ್ತಿಸಬಹುದೆ ಎಂದು ಕೇಳುವ ಹಿರಿಯರು ಇದ್ದಾರೆ. ಅವರ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ನಮ್ಮ ಪೂರ್ವಿಕರು ವ್ಯವಹಾರವನ್ನು ವಿದ್ಯೆಯ ಹೊರಗೆ ನಿಲ್ಲಿಸಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಮಿಶ್ರಕವ್ಯವಹಾರವೆಂಬ ಒಂದು ಅಧಿಕಾರವೇ ಇದೆ. ಬಡ್ಡಿ ಬೆಳೆಯುವ ರೀತಿ, ಹಲವರು ಕೂಡಿ ಹಾಕಿದ ಹಣದ ಫಲವನ್ನು ಅವರವರ ಪಾಲಿಗೆ ತಕ್ಕಂತೆ ಹಂಚುವ ರೀತಿ, ಇವೆಲ್ಲ ಅಲ್ಲಿ ಬರುತ್ತವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ಗಣಿತವನ್ನು ಬರೆದನು. ಅವನ ಗ್ರಂಥಗಳಲ್ಲಿ ಒಂದರ ಹೆಸರು ವ್ಯವಹಾರಗಣಿತ. ಜಗಲಿಯ ಮೇಲಿನ ಕೂಲಿಮಠದಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಕೂಗಿ ಒಪ್ಪಿಸುತ್ತಿದ್ದುದು ಯಾರ ಪ್ರೀತಿಗಾಗಿ? ಅಂಗಡಿಯವನು ಮೋಸಮಾಡಬಾರದು, ಸಾಹುಕಾರನು ಬಡ್ಡಿಯನ್ನು ಎರಡು ಸಲ ಬರೆಯಬಾರದು ಎಂಬುದಕ್ಕಾಗಿ. ಲೆಕ್ಕ ಬಲ್ಲವನನ್ನು ಲೋಕ ಸುಲಭವಾಗಿ ಸುಲಿಯಲಾರದು.

ಪಾಠಶಾಲೆಯ ಮಕ್ಕಳ ಕೈಗೆ ನಿಜವಾದ ವ್ಯಾಪಾರವನ್ನೇ ಕೊಟ್ಟು ಕಲಿಸುವ ಪದ್ಧತಿ ಹೊರದೇಶಗಳಲ್ಲಿ ನೂರು ವರ್ಷಗಳಿಂದ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ೧೯೧೯ರಲ್ಲಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ ಹುಟ್ಟಿತು. ಕಾಗದದ ಕಾರ್ಖಾನೆಯ ಒಡೆಯ ಹೊರೇಸ್ ಮೋಸೆಸ್, ದೂರವಾಣಿಯ ದೊಡ್ಡ ಕಂಪನಿಯನ್ನು ನಡೆಸಿದ್ದ ಥಿಯೋಡೋರ್ ವೇಲ್, ಮರ್ರೆ ಕ್ರೇನ್ ಎಂಬ ರಾಜಕಾರಣಿ, ಈ ಮೂವರು ಅದರ ಸ್ಥಾಪಕರು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಯಂಗ್ ಎಂಟರ್‌ಪ್ರೈಸ್ ಎಂಬ ಸಂಸ್ಥೆಯನ್ನು ೧೯೬೨ರಲ್ಲಿ ವಾಲ್ಟರ್ ಸಾಲಮನ್ ಎಂಬ ಬ್ಯಾಂಕಿನ ವ್ಯವಹಾರಸ್ಥರು ತೊಡಗಿಸಿದರು. ನಮ್ಮ ದೇಶದಲ್ಲಿಯೇ ದೆಹಲಿಯ ಸರ್ಕಾರಿ ಪಾಠಶಾಲೆಗಳಲ್ಲಿ ೨೦೨೧ರಲ್ಲಿ ೧೧ ಮತ್ತು ೧೨ನೆಯ ತರಗತಿಗಳ ವಿದ್ಯಾರ್ಥಿಗಳಿಗೆ ತಲಾ ೨೦೦೦ ರೂಪಾಯಿಯಂತೆ ಮೂಲಧನವನ್ನು ಕೊಟ್ಟು, ತಂಡ ಕಟ್ಟಿ ವ್ಯಾಪಾರ ಹೂಡಿಸಿದರು.

ಅಮೆರಿಕದ ಪದ್ಧತಿಯಲ್ಲಿ ನಮ್ಮ ಗಮನವನ್ನು ಸೆಳೆಯುವ ಅಂಶ ಒಂದೇ. ಅಲ್ಲಿ ಮಕ್ಕಳು ಸಣ್ಣ ಬೆಲೆಯ ಪಾಲುಗಳನ್ನು ನೆರೆಹೊರೆಯವರಿಗೆ ಮಾರಿ ಹಣ ಕೂಡಿಸುತ್ತಾರೆ. ಆ ಹಣದಿಂದ ಸಾಮಾನು ತಂದು ಏನನ್ನೋ ಮಾಡಿ ಮಾರುತ್ತಾರೆ. ಶಾಲೆಯ ವರ್ಷ ಮುಗಿಯುವ ಹೊತ್ತಿಗೆ ಕಂಪನಿಯನ್ನು ವಿಧಿಪೂರ್ವಕವಾಗಿ ಮುಚ್ಚುತ್ತಾರೆ. ಸಾಲಗಳನ್ನು ತೀರಿಸಿ, ಉಳಿದದ್ದನ್ನು ಪಾಲುದಾರರಿಗೆ ಹಂಚಿ, ಲೆಕ್ಕವನ್ನು ಅವರ ಮುಂದಿಡುತ್ತಾರೆ. ಹಣ ಬೆಳೆದಿದ್ದರೆ ಬೆಳೆದಂತೆ, ಕರಗಿದ್ದರೆ ಕರಗಿದಂತೆ. ಅಂಗಡಿಯನ್ನು ತೆರೆಯುವುದು ಯಾರಿಗಾದರೂ ಬಂದೀತು. ಮುಚ್ಚಿ ಲೆಕ್ಕ ಒಪ್ಪಿಸುವುದನ್ನು ಕಲಿಸಬೇಕು.

ನಮ್ಮ ಮಕ್ಕಳ ಸಂತೆಯಲ್ಲಿ ಈ ಕೊನೆಯ ಅಂಕವೇ ಇಲ್ಲ. ಒಂದು ಲೆಕ್ಕವನ್ನು ಹಾಕಿ ನೋಡೋಣ. ನಾಲ್ಕು ಮಕ್ಕಳು ಸೇರಿ ಚುರುಮುರಿಯ ಅಂಗಡಿ ಇಟ್ಟರೆನ್ನಿ. ಮಂಡಕ್ಕಿಗೆ ೬೦ ರೂಪಾಯಿ. ಈರುಳ್ಳಿ, ಟೊಮೇಟೊ, ಕೊತ್ತಂಬರಿಗೆ ೭೦. ಕಡಲೆಕಾಯಿ ಬೀಜಕ್ಕೆ ೫೦. ಎಣ್ಣೆ, ಖಾರದ ಪುಡಿ, ಉಪ್ಪು, ನಿಂಬೆಗೆ ೪೦. ಕಟ್ಟಿಕೊಡುವ ಕಾಗದಕ್ಕೆ ೨೦. ಒಟ್ಟು ೨೪೦. ಪೊಟ್ಟಣಕ್ಕೆ ೧೦ ರೂಪಾಯಿಯಂತೆ ನಲವತ್ತು ಪೊಟ್ಟಣಗಳು ಮಾರಿಹೋದವು. ಡಬ್ಬಿಯಲ್ಲಿ ೪೦೦ ರೂಪಾಯಿ ಕೂಡಿತು. ಸಂಜೆ ಮಕ್ಕಳು ಮನೆಗೆ ಓಡಿಬಂದು, ನಾವು ನಾನೂರು ರೂಪಾಯಿ ಸಂಪಾದಿಸಿದೆವೆಂದು ಕುಣಿಯುತ್ತಾರೆ. ಏಕೆಂದರೆ ಮಂಡಕ್ಕಿಯೂ ಈರುಳ್ಳಿಯೂ ಎಣ್ಣೆಯೂ ಮನೆಯಿಂದ ಬಂದವು. ಮನೆಯಿಂದ ಬಂದದ್ದಕ್ಕೆ ಬೆಲೆಯುಂಟೆಂಬ ಯೋಚನೆ ಅವರಿಗೆ ಹುಟ್ಟಲು ಯಾರೂ ಅವಕಾಶ ಕೊಡಲಿಲ್ಲ.

ಈಗ ಅದೇ ಮಕ್ಕಳನ್ನು ಮಾರನೆಯ ದಿನ ಕೂರಿಸಿ ಕೇಳಿ: ಎಷ್ಟನೆಯ ಪೊಟ್ಟಣದಿಂದ ನಿಮಗೆ ಲಾಭ ಶುರುವಾಯಿತು? ಅವರು ತಲೆ ಕೆರೆದುಕೊಂಡು, ಬೆರಳು ಮಡಿಸಿ, ಕೊನೆಗೆ ಕಂಡುಕೊಳ್ಳುತ್ತಾರೆ. ಇಪ್ಪತ್ತನಾಲ್ಕನೆಯ ಪೊಟ್ಟಣದವರೆಗೆ ದುಡಿದದ್ದೆಲ್ಲ ಅಸಲನ್ನು ಹುಟ್ಟಿಸುವುದಕ್ಕೆ. ಇಪ್ಪತ್ತೈದನೆಯದನ್ನು ಕೊಂಡ ಗಿರಾಕಿಯೇ ಲಾಭದ ಮೊದಲನೆಯ ಗಿರಾಕಿ. ಬೇಗ ಮಳೆ ಬಂದು ಇಪ್ಪತ್ತು ಪೊಟ್ಟಣಕ್ಕೇ ಸಂತೆ ಚದರಿದ್ದರೆ ೪೦ ರೂಪಾಯಿ ನಷ್ಟ. ಹಾಗಾಗದೆ ನಲವತ್ತೂ ಮಾರಿದ್ದರಿಂದ ನಿಜವಾದ ಲಾಭ ೧೬೦. ನಾಲ್ವರಿಗೆ ತಲಾ ೪೦. ಹಿಂದಿನ ಸಂಜೆ ಹೆಚ್ಚಿದ್ದು, ಹುರಿದದ್ದು ಒಂದು ಗಂಟೆ, ಸಂತೆಯಲ್ಲಿ ಮೂರು ಗಂಟೆ ಎಂದು ಹಿಡಿದರೆ ಒಬ್ಬೊಬ್ಬರ ದುಡಿಮೆ ನಾಲ್ಕು ಗಂಟೆ. ಗಂಟೆಗೆ ಹತ್ತು ರೂಪಾಯಿ! ಇಷ್ಟು ಗೊತ್ತಾದ ಹುಡುಗನು ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು ಕಡಲೆಕಾಯಿ ಮಾರುವ ಮುದುಕನನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ತಾಯಿ ಬೆಳಗಿನ ಜಾವ ಎದ್ದು ಒಗ್ಗರಣೆ ಹಾಕಿಕೊಟ್ಟದ್ದನ್ನು ಯಾವ ಬಾಬ್ತಿನಲ್ಲಿ ಬರೆಯಬೇಕೆಂದು ಒಂದು ಹುಡುಗಿಯಾದರೂ ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಉಪಾಧ್ಯಾಯರಿಗೂ ಸುಲಭವಲ್ಲ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರೇ ಆ ಬಾಬ್ತನ್ನು ತಮ್ಮ ಪುಸ್ತಕಗಳಿಂದ ಬಹುಕಾಲ ಹೊರಗಿಟ್ಟಿದ್ದರು. ಆದರೂ ಪ್ರಶ್ನೆ ಏಳಲಿ.

ಇನ್ನು ಉಳಿದ ಸರಕಿನ ಮಾತು. ತುಮಕೂರು ಸೀಮೆಯ ಒಂದು ಹಳ್ಳಿಯ ಮಕ್ಕಳ ಸಂತೆಗೆ ನಾವು ಒಮ್ಮೆ ಹೋಗಿದ್ದೆವು. ಆರನೆಯ ತರಗತಿಯ ಒಬ್ಬ ಹುಡುಗಿ ಮೆಂತ್ಯದ ಸೊಪ್ಪನ್ನು ಇಟ್ಟುಕೊಂಡು ಕುಳಿತಿದ್ದಳು. ಅವಳ ಎಡಬಲದಲ್ಲಿಯೂ ಮೆಂತ್ಯವೇ. ಆ ವಾರ ಊರಿನ ಹಿತ್ತಿಲುಗಳಲ್ಲೆಲ್ಲ ಮೆಂತ್ಯ ಬಂದಿತ್ತೆಂದು ಕಾಣುತ್ತದೆ. ಹನ್ನೆರಡು ಗಂಟೆಯ ಬಿಸಿಲಿಗೆ ಸೊಪ್ಪು ಬಾಡತೊಡಗಿತ್ತು. ಒಬ್ಬ ಮುದುಕಿ ಬಂದು ಕಟ್ಟನ್ನು ಎತ್ತಿ ನೋಡಿ, ‘ಎಷ್ಟವ್ವ ಕಟ್ಟು?’ ಎಂದಳು.

‘ಹತ್ತು ರೂಪಾಯಿ ಅಜ್ಜಿ.’

‘ಆ ಹುಡುಗ ಎರಡು ಕಟ್ಟು ಹದಿನೈದಕ್ಕೆ ಕೊಡ್ತಾನೆ ಕಣವ್ವ.’

‘ಅವನ್ದು ನಿನ್ನೆ ಕಿತ್ತಿದ್ದು ಅಜ್ಜಿ. ನಂದು ಈವತ್ತು ಬೆಳಿಗ್ಗೆ ಕಿತ್ತಿದ್ದು. ಬೇಕಾದ್ರೆ ಬೇರು ನೋಡಿ.’

ಮುದುಕಿ ಬೇರನ್ನು ನೋಡಿದಳು. ಹುಡುಗಿ ನೀರಿನ ಪಾತ್ರೆಯಿಂದ ಸೊಪ್ಪಿನ ಮೇಲೆ ಎರಡು ಬೊಗಸೆ ಚಿಮುಕಿಸಿದಳು. ಮೂರು ಕಟ್ಟು ಇಪ್ಪತ್ತೈದಕ್ಕೆ ಕೊಡುವೆನೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ, ಹಿಂದೆ ನಿಂತಿದ್ದ ಉಪಾಧ್ಯಾಯರೊಬ್ಬರು ಕರಗಿಹೋಗಿ, ಉಳಿದ ಎಂಟು ಕಟ್ಟುಗಳನ್ನೂ ಹತ್ತು ಹತ್ತು ರೂಪಾಯಿಗೆ ತಾವೇ ಕೊಂಡುಬಿಟ್ಟರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗಿ ಎಂಬತ್ತು ರೂಪಾಯಿಯನ್ನು ತೆಗೆದುಕೊಂಡಳು. ಅವಳ ಮುಖದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ, ಆಟದ ನಡುವೆ ಯಾರೋ ಕಾಯಿಗಳನ್ನು ಎತ್ತಿಬಿಟ್ಟಂತಹ ಒಂದು ಭಾವ ಇದ್ದುದನ್ನು ನಾವು ಕಂಡೆವು. ಆ ಉಪಾಧ್ಯಾಯರ ಹೃದಯ ಒಳ್ಳೆಯದು. ಆದರೆ ಬಾಡುತ್ತಿರುವ ಸರಕಿಗೆ ಯಾವ ಗಳಿಗೆಯಲ್ಲಿ ಬೆಲೆ ಇಳಿಸಬೇಕು, ಎಷ್ಟು ಇಳಿಸಬೇಕು, ಇಳಿಸದೆ ಹಸುವಿಗೆ ಹಾಕಿದರೆ ಆಗುವ ನಷ್ಟವೆಷ್ಟು ಎಂಬ ವಿವೇಚನೆ ಆ ಹುಡುಗಿಯ ಮನಸ್ಸಿನಲ್ಲಿ ಆಗತಾನೆ ಮೊಳೆಯುತ್ತಿತ್ತು. ಸೊಪ್ಪು, ಟೊಮೇಟೊ ಬೆಳೆಯುವ ಅವಳ ತಂದೆಗೆ ಪೇಟೆಯ ಮಂಡಿಯಲ್ಲಿ ದಿನವೂ ಬರುವ ಸಂಕಟ ಅದೇ. ಅಲ್ಲಿ ಹಿಂದೆ ನಿಂತು ಉಳಿದದ್ದನ್ನೆಲ್ಲ ಕೊಳ್ಳುವ ಉಪಾಧ್ಯಾಯರಿರುವುದಿಲ್ಲ.

ಮಕ್ಕಳಿಗೆ ನಷ್ಟವಾಗಲಿ ಎಂದು ನಾವು ಹೇಳುತ್ತಿಲ್ಲ. ನಷ್ಟವಾಗುವ ಸಂಭವವಾದರೂ ಇರಲಿ, ಮತ್ತು ಆ ನಷ್ಟ ಒಂದು ಮಗುವಿನ ಮೇಲೆ ಬೀಳದಂತಿರಲಿ, ಎನ್ನುತ್ತೇವೆ. ಇವೆರಡನ್ನೂ ಒಟ್ಟಿಗೆ ಸಾಧಿಸಲು ಒಂದು ಉಪಾಯವಿದೆ. ಅದನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾದ್ದಿಲ್ಲ, ಗದಗಿನವರೆಗೆ ಹೋದರೆ ಸಾಕು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಹಕಾರದ ಕಾನೂನು ಬಂದದ್ದು ಅದಕ್ಕೆ ಹಿಂದಿನ ವರ್ಷ, ೧೯೦೪ರಲ್ಲಿ. ಒಬ್ಬೊಬ್ಬನ ಕೈಯಲ್ಲಿ ಏನೂ ಆಗಲಾರದ ಸಣ್ಣ ಹಣ ಹತ್ತು ಜನರದು ಕೂಡಿದಾಗ ಮೂಲಧನವಾಗುತ್ತದೆ, ಲಾಭನಷ್ಟಗಳು ಹತ್ತು ಹೆಗಲಿಗೆ ಹಂಚಿಹೋಗುತ್ತವೆ. ಕೇರಳದ ಪಾಠಶಾಲೆಗಳಲ್ಲಿ ಸಹಕಾರ ಸಂಘಗಳಿವೆ. ಪಠ್ಯಪುಸ್ತಕಗಳನ್ನು ಮಕ್ಕಳಿಗೆ ಹಂಚುವ ಕೆಲಸ ಅವುಗಳ ಮೂಲಕ ನಡೆಯುತ್ತದೆ. ನಮ್ಮ ಮಕ್ಕಳ ಸಂತೆಯನ್ನು ಈ ತಳಹದಿಯ ಮೇಲೆ ಏಕೆ ನಿಲ್ಲಿಸಬಾರದು?

ಈಗ ಆಗುತ್ತಿರುವುದನ್ನು ನೋಡಿ. ಹಿತ್ತಿಲು ಇರುವವನ ಮಗ ಬುಟ್ಟಿ ತುಂಬ ಬದನೆಕಾಯಿ ತರುತ್ತಾನೆ. ಅಂಗಡಿಯವನ ಮಗಳು ಬಿಸ್ಕತ್ತು, ಪೆನ್ಸಿಲು ತರುತ್ತಾಳೆ. ಕೂಲಿಯವನ ಮಗು ಏನು ತಂದೀತು? ಅದು ಆ ದಿನ ಕೊಳ್ಳುವವರ ಗುಂಪಿನಲ್ಲಿ ನಿಲ್ಲಬೇಕು. ಕೊಳ್ಳಲೂ ಕಾಸಿಲ್ಲದಿದ್ದರೆ ನೋಡುವವರ ಗುಂಪಿನಲ್ಲಿ. ಹೊಟ್ಟೆನೋವೆಂದು ಮನೆಯಲ್ಲಿಯೇ ಉಳಿದ ಮಕ್ಕಳೂ ಇರುತ್ತಾರೆ. ಸಮಾನತೆಯ ಪಾಠ ಹೇಳುವ ಅಂಗಳದಲ್ಲಿಯೇ ಇಂಥ ಏರುಪೇರನ್ನು ವರ್ಷಕ್ಕೊಮ್ಮೆ ಮೆರವಣಿಗೆ ಮಾಡುವುದು ಯಾವ ನ್ಯಾಯ? ಆದ್ದರಿಂದ ಮನೆಯಿಂದ ಸರಕು ತರುವ ಪದ್ಧತಿಯನ್ನೇ ಬಿಡಬೇಕು. ಪಾಠಶಾಲೆಯೋ ಊರಿನ ಹಿತೈಷಿಗಳೋ ಪ್ರತಿಯೊಂದು ತಂಡಕ್ಕೂ ಇನ್ನೂರೋ ಮುನ್ನೂರೋ ರೂಪಾಯಿಯನ್ನು ಸಾಲವಾಗಿ ಕೊಡಲಿ, ದಾನವಾಗಿ ಬೇಡ. ಆ ಹಣದಿಂದ ತಂಡವೇ ಸರಕನ್ನು ಕೊಳ್ಳಲಿ; ಗೆಳೆಯನ ಹಿತ್ತಿಲಿನ ಬದನೆಯಾದರೂ ಸರಿಯೆ, ದುಡ್ಡು ಕೊಟ್ಟು ಕೊಳ್ಳಲಿ. ಅಲ್ಲಿಗೆ ಮನೆಯ ವಸ್ತುವಿಗೂ ಬೆಲೆ ಕಟ್ಟಿದಂತಾಯಿತು, ಕೂಲಿಯವನ ಮಗು ಅಂಗಡಿಯ ಒಳಗಡೆ ಬಂದು ಕುಳಿತಂತಾಯಿತು. ಸಂಜೆ ಮೊದಲು ಸಾಲ ತೀರಲಿ, ಮಿಕ್ಕದ್ದು ಪಾಲಾಗಲಿ. ಸಾಲ ತೀರದಷ್ಟು ನಷ್ಟವಾದರೆ ಅದನ್ನು ಬರೆದಿಟ್ಟು, ಶಾಲೆಯ ನಿಧಿ ಹೊರಲಿ. ಮಗುವಿನ ಮನೆಗೆ ಅದರ ಬಿಸಿ ತಟ್ಟಕೂಡದು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪದು. ಸೊಪ್ಪನ್ನು ಯಾರ ಕೈಯಿಂದಲಾದರೂ ಕೊಳ್ಳುವ ಜನ, ಕಲಸಿದ ಚುರುಮುರಿಯನ್ನೋ ಪಾನಕವನ್ನೋ ಕೊಳ್ಳುವಾಗ ಮಾರುವ ಮಗು ಯಾವ ಕೇರಿಯದೆಂದು ಒಂದು ಗಳಿಗೆ ನೋಡುವುದುಂಟು. ನೋಡಿ, ಮುಂದಿನ ಅಂಗಡಿಗೆ ಸರಿಯುವುದೂ ಉಂಟು. ದೊಡ್ಡವರು ಇದನ್ನು ಯಾರೂ ಕಾಣಲಿಲ್ಲವೆಂದು ತಿಳಿಯುತ್ತಾರೆ. ಮಗು ಕಾಣುತ್ತದೆ, ಕಂಡು, ಮಾರಿಹೋಗದ ಲೋಟಗಳನ್ನು ಎಣಿಸುತ್ತದೆ. ಅಸ್ಪೃಶ್ಯತೆಯನ್ನು ನಮ್ಮ ಸಂವಿಧಾನದ ೧೭ನೆಯ ವಿಧಿ ೧೯೫೦ರಲ್ಲಿಯೇ ತೊಡೆದುಹಾಕಿದೆ. ಅಂಗಳದಲ್ಲಿ ಅದು ತೊಡೆದುಹೋಗಬೇಕಾದರೆ ಉಪಾಧ್ಯಾಯರು ಎರಡು ಕೆಲಸ ಮಾಡಬೇಕು. ತಂಡಗಳನ್ನು ಚೀಟಿ ಎತ್ತಿ ಕಟ್ಟಬೇಕು, ಕೇರಿಕೇರಿಗೊಂದು ಅಂಗಡಿಯಾಗಲು ಬಿಡಕೂಡದು. ಮತ್ತು ಮೊದಲನೆಯ ಲೋಟವನ್ನು ಯಾರ ಕೈಯಿಂದ ಯಾರು ಕುಡಿಯುತ್ತಾರೆಂಬುದನ್ನು ಊರು ನೋಡುತ್ತಿರುತ್ತದೆಂದು ನೆನಪಿಟ್ಟುಕೊಂಡು, ಅದನ್ನು ತಾವೇ ಕುಡಿಯಬೇಕು.

ದುಡಿಯುವ ಮಕ್ಕಳ ವಿಷಯ ಇಲ್ಲಿ ಸಹಜವಾಗಿಯೇ ಬರುತ್ತದೆ. ಹದಿನಾಲ್ಕು ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ನಮ್ಮ ಕಾನೂನು ನಿಷೇಧಿಸಿದೆ. ೧೯೮೬ರ ಬಾಲಕಾರ್ಮಿಕ ಕಾಯಿದೆಯನ್ನು ೨೦೧೬ರಲ್ಲಿ ತಿದ್ದಿ ಬಿಗಿಮಾಡಿದರು. ಪಾಠದ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಮನೆಯವರ ಕಸುಬಿಗೆ ನೆರವಾಗಲು, ಅದೂ ಅಪಾಯವಿಲ್ಲದ ಕೆಲಸಗಳಲ್ಲಿ, ಎಡೆಯಿದೆ. ಹೀಗಿರುವಾಗ ಪಾಠಶಾಲೆಯೇ ಮಕ್ಕಳಿಂದ ವ್ಯಾಪಾರ ಮಾಡಿಸುವುದು ಸರಿಯೇ ಎಂದು ಕೇಳಬಹುದು. ದುಡಿಮೆಯ ಫಲವೂ ಅದರ ನಿರ್ಧಾರವೂ ಯಾರ ಕೈಯಲ್ಲಿರುತ್ತದೆಂಬುದೇ ಇಲ್ಲಿ ಗೆರೆ. ಬೆಲೆಯನ್ನು ಕಟ್ಟುವವನು ಮಗು, ಲೆಕ್ಕ ಬರೆಯುವವನು ಮಗು, ಪಾಲು ಪಡೆಯುವವನು ಮಗು ಆದರೆ ಅದು ಕಲಿಕೆ. ಇವೆಲ್ಲ ದೊಡ್ಡವರದಾಗಿ, ಮಗುವಿನ ಪಾಲಿಗೆ ಬುಟ್ಟಿ ಹೊರುವುದು ಮಾತ್ರ ಉಳಿದರೆ ಅದು ಕೂಲಿ. ಪಾಠಶಾಲೆಯ ಅಂಗಳದಲ್ಲಿ ನಡೆದರೂ ಕೂಲಿಯೇ. ಇಲ್ಲಿ ಒಂದು ಸೊಗಸಾದ ಸಂಗತಿಯನ್ನೂ ಹೇಳಬೇಕು. ಭಾನುವಾರ ತಾಯಿಯ ಜೊತೆ ಹೂವಿನ ಅಂಗಡಿಯಲ್ಲಿ ಕೂರುವ ಹುಡುಗ, ತಂದೆಯ ತಳ್ಳುಗಾಡಿಯ ಹಿಂದೆ ಹೋಗುವ ಹುಡುಗಿ, ಇವರು ತರಗತಿಯಲ್ಲಿ ಹಿಂದಿನ ಸಾಲಿನವರಾಗಿರುವುದೇ ಹೆಚ್ಚು. ಸಂತೆಯ ದಿನ ಇವರೇ ಗುರುಗಳು. ಮೊಳ ಹಾಕುವಾಗ ಮೊಳಕೈಯನ್ನು ಎಲ್ಲಿಡಬೇಕು, ಸಾಲ ಕೇಳಿದವನಿಗೆ ಮುಖ ಮುರಿಯದೆ ಇಲ್ಲವೆನ್ನುವುದು ಹೇಗೆ, ಇದು ಮೊದಲ ಸಾಲಿನವರಿಗೆ ಬಾರದು. ಆ ಒಂದು ದಿನದ ಗುರುಪೀಠವನ್ನು ಇವರಿಂದ ಕಿತ್ತುಕೊಳ್ಳದಿದ್ದರೆ ಸಾಕು.

ಲಾಭದ ಹಣವನ್ನು ಏನು ಮಾಡುವುದು? ಕೆಲವು ಕಡೆ ಅದನ್ನು ಶಾಲೆಯ ಗೋಡೆಗೆ ಸುಣ್ಣ ಬಳಿಯಲು, ಬಾಗಿಲಿಗೆ ಬೀಗ ತರಲು ಉಪಯೋಗಿಸುವ ಆಲೋಚನೆ ಮಾಡುತ್ತಾರೆ. ಇದೇ ಪ್ರಶ್ನೆ ಬಹಳ ದೊಡ್ಡ ಪ್ರಮಾಣದಲ್ಲಿ ಹಿಂದೊಮ್ಮೆ ಚರ್ಚೆಗೆ ಬಂದಿತ್ತು. ೧೯೩೭ನೆಯ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬನ್ನು ವಿದ್ಯಾಭ್ಯಾಸದ ನಡುಗಂಬವಾಗಿ ಮಾಡಬೇಕೆಂದೂ, ಮಕ್ಕಳ ಕೈಕೆಲಸದ ಉತ್ಪತ್ತಿ ಉಪಾಧ್ಯಾಯರ ಸಂಬಳದ ಮಟ್ಟಿಗಾದರೂ ಸಾಲಬೇಕೆಂದೂ ಮುಂದಿಟ್ಟರು. ಮಕ್ಕಳು ಮಾಡಿದ ವಸ್ತುಗಳನ್ನು ಸರ್ಕಾರವೇ ಕೊಳ್ಳತಕ್ಕದ್ದು ಎಂಬುದು ಆ ಏರ್ಪಾಟಿನ ಒಂದು ಅಂಗವಾಗಿತ್ತು. ಯೋಜನೆಯನ್ನು ರೂಪಿಸಿದ ಝಾಕಿರ್ ಹುಸೇನರ ಸಮಿತಿ ಅದನ್ನು ಒಪ್ಪಿಯೂ, ಆದಾಯದ ಕಡೆಗೆ ದೃಷ್ಟಿ ಮಿತಿಮೀರಿದರೆ ಉಪಾಧ್ಯಾಯರು ಮಕ್ಕಳಿಂದ ಕೆಲಸ ಹಿಂಡುವುದರಲ್ಲಿಯೇ ತೊಡಗಿ ಕಲಿಕೆ ಹಿಂದೆ ಬಿದ್ದೀತೆಂದು ತನ್ನ ವರದಿಯಲ್ಲಿ ಎಚ್ಚರಿಸಿತು. ಆ ಎಚ್ಚರಿಕೆ ಇಂದಿನ ಚುರುಮುರಿಯ ಡಬ್ಬಿಗೂ ಸಲ್ಲುತ್ತದೆ. ಗೋಡೆಗೆ ಸುಣ್ಣ ಬಳಿಸುವುದು ಸರ್ಕಾರದ ಕೆಲಸ, ಊರಿನ ಕೆಲಸ. ಹತ್ತು ವರ್ಷದ ಮಗು ಗಂಟೆಗೆ ಹತ್ತು ರೂಪಾಯಿಯಂತೆ ದುಡಿದು ಅದನ್ನು ಹೊರಬೇಕಾಗಿಲ್ಲ. ಮಕ್ಕಳೇ ಸೇರಿ ಒಂದು ಚೆಂಡನ್ನೋ ನಾಲ್ಕು ಕಥೆಯ ಪುಸ್ತಕಗಳನ್ನೋ ತರುವೆವೆಂದು ನಿಶ್ಚಯಿಸಿದರೆ ಅದು ಬೇರೆ. ನಾವು ಹಂಚಿಕೊಂಡು ಮಿಠಾಯಿ ತಿನ್ನುತ್ತೇವೆಂದರೂ ಆಕ್ಷೇಪಿಸಬಾರದು. ಹಣ ಅವರದು.

ಕಡೆಯದಾಗಿ ಪುಸ್ತಕದ ಮಾತು. ನಾವು ಹೇಳಿದ್ದೆಲ್ಲ ನಡೆಯುವುದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ನೋಟ್ ಪುಸ್ತಕ. ಎಡಗಡೆಯ ಪುಟ ಜಮಾ, ಬಲಗಡೆಯ ಪುಟ ಖರ್ಚು. ಕೆಳಗೆ ಅಖೇರಿ ಶಿಲ್ಕು. ಪ್ರತಿಯೊಂದು ತಂಡಕ್ಕೂ ಎರಡೆರಡು ಪುಟ. ಕೊಂಡ ಸರಕು, ಕೊಟ್ಟ ಬೆಲೆ, ಮಾರಿದ್ದು, ಉಳಿದದ್ದು, ಉಳಿದದ್ದು ಏನಾಯಿತು, ಎಷ್ಟು ಗಂಟೆ ದುಡಿದರು. ಸಂತೆಯ ಮಾರನೆಯ ದಿನ ಒಂದು ತಾಸನ್ನು ಇದಕ್ಕಾಗಿ ಮೀಸಲಿಟ್ಟು, ಪ್ರತಿ ತಂಡದಿಂದಲೂ ಒಬ್ಬರು ಎದ್ದುನಿಂತು ತಮ್ಮ ಲೆಕ್ಕವನ್ನು ಎಲ್ಲರೆದುರಿಗೆ ಓದಲಿ. ಸಾಧ್ಯವಾದರೆ ಸಾಲ ಕೊಟ್ಟವರೂ ಬಂದು ಕುಳಿತು ಕೇಳಲಿ, ಪ್ರಶ್ನೆ ಹಾಕಲಿ. ನಷ್ಟಪಟ್ಟ ತಂಡ ನಷ್ಟವನ್ನೇ ಓದಲಿ. ಆಗ ನಗಕೂಡದೆಂದು ಉಪಾಧ್ಯಾಯರು ಮೊದಲೇ ಹೇಳಿಟ್ಟಿರಲಿ. ಕೂಡಿಸುವುದರಲ್ಲಿ ಹೆಚ್ಚುಕಡಮೆ ಬಂದರೆ, ಅದು ಸಿಕ್ಕುವವರೆಗೆ ಬಿಡಬಾರದು. ಡಬ್ಬಿಯಲ್ಲಿ ಐದು ರೂಪಾಯಿ ಹೆಚ್ಚಾಗಿದ್ದರೂ ಹುಡುಕಲೇಬೇಕು; ಯಾರೋ ಅಜ್ಜಿಗೆ ಚಿಲ್ಲರೆ ಕಡಮೆ ಹೋಗಿರುತ್ತದೆ.

ಪುಸ್ತಕ ಶಾಲೆಯ ಬೀರುವಿನಲ್ಲಿರಲಿ. ಮುಂದಿನ ವರ್ಷದ ಮಕ್ಕಳು ಸಂತೆಗೆ ಎರಡು ತಿಂಗಳು ಮುಂಚೆಯೇ ಅದನ್ನು ತೆರೆದು ಓದಿದರೆ, ಕಳೆದ ಸಲ ಮೆಂತ್ಯದ ಅಂಗಡಿಗಳು ಹೆಚ್ಚಾಗಿ ಬೆಲೆ ಬಿದ್ದುಹೋದದ್ದು, ಪಾನಕದವರಿಗೆ ಮೋಡದ ದಿನ ಅಸಲೂ ಹುಟ್ಟದೆ ಇದ್ದದ್ದು, ಮಣ್ಣಿನ ಹಣತೆ ತಂದಿಟ್ಟ ತಂಡಕ್ಕೆ ಉಳಿದ ಸರಕು ಬಾಡದೆ ಕಾರ್ತಿಕದವರೆಗೂ ಕಾದದ್ದು, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಯಾರಾದರೂ, ಮನೆಯಿಂದ ಸೊಪ್ಪು ಕೊಳ್ಳುವ ಬದಲು ಶಾಲೆಯ ಕೈತೋಟದಲ್ಲಿಯೇ ಬೆಳೆದರೆ ಹೇಗೆಂದು ಕೇಳಬಹುದು. ಮೆಂತ್ಯಕ್ಕೆ ಇಪ್ಪತ್ತೈದು ಮೂವತ್ತು ದಿನ ಸಾಕು. ಬೀಜದ ಬೆಲೆಯನ್ನು ಖರ್ಚಿನ ಕಡೆ ಬರೆಯುವುದನ್ನು ಮರೆಯದಿರಲಿ.